ದಿನನಿತ್ಯದ ಕಾರು ಪ್ರಯಾಣ: ಒಂದು ಸಲಕ್ಕೆ ಎಷ್ಟು ದೂರ?

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ನಾಲ್ಕು ವರ್ಷದ ಹಿಂದೆ ಕೊಂಡ ನಮ್ಮ ಡೀಸೆಲ್ ಕಾರು ಇದುವರೆಗೆ 38,000 ಕಿ.ಮೀ. ಓಡಿದೆ. ಬೆಳಿಗ್ಗೆ ಮಗಳನ್ನು ಎರಡೂವರೆ ಕಿ.ಮೀ. ದೂರದ ಶಾಲೆಗೆ ಬಿಟ್ಟು, ಅಲ್ಲಿಂದ ನಾಲ್ಕು ಕಿ.ಮೀ. ದೂರದ ಕಚೇರಿಗೆ ಹೋಗುತ್ತೇನೆ. ಸಂಜೆ ಮೂರು ಕಿ.ಮೀ. ಬಂದು ತರಕಾರಿ ಕೊಂಡು, ಎರಡು ಕಿ.ಮೀ. ನಡೆಸಿದರೆ ಮನೆ. ವರ್ಷಕ್ಕೆ ನಾಲ್ಕು ಸಲ ತೀರ್ಥಹಳ್ಳಿಯ ಹತ್ತಿರದ ನಮ್ಮೂರಿಗೆ ಹೋಗಿಬರುತ್ತೇವೆ, ಅದು ಒಂದು ಕಡೆಗೆ 310 ಕಿ.ಮೀ.; ಆರು ಸಲ ಬೆಂಗಳೂರಿಗೆ. ಈಗ ಎಲೆಕ್ಟ್ರಿಕ್ ಕಾರು ಕೊಳ್ಳುವ ಯೋಚನೆ ಬಂದಿದೆ. ಒಂದು ಚಾರ್ಜ್‌ಗೆ 200 ಕಿ.ಮೀ. ಓಡುವ ಚಿಕ್ಕ ಕಾರು ಸಾಕೆಂದು ನನ್ನ ವಾದ, 450 ಕಿ.ಮೀ. ಎಂದು ಕಂಪನಿಯವರು ಹೇಳುವ ದೊಡ್ಡ ಕಾರೇ ಬೇಕೆಂದು ನಮ್ಮ ಯಜಮಾನರ ವಾದ. ಸಾಮಾನ್ಯವಾಗಿ ಜನ ಕಾರಿನಲ್ಲಿ ಒಂದು ಸಲಕ್ಕೆ ಎಷ್ಟು ದೂರ ಹೋಗುತ್ತಾರೆ? ಇನ್ನೊಂದು ವಿಷಯ: ಇತ್ತೀಚೆಗೆ ಈ ಡೀಸೆಲ್ ಕಾರಿನಲ್ಲಿ ಒಂದು ಹಳದಿ ದೀಪ ಆಗಾಗ ಹೊತ್ತಿಕೊಳ್ಳುತ್ತದೆ. ಕೇಳಿದರೆ ಸರ್ವಿಸ್‌ನವರು "ಹೈವೇಯಲ್ಲಿ ಒಂದು ರೌಂಡ್ ಓಡಿಸ್ಕೊಂಡು ಬನ್ನಿ ಮೇಡಂ" ಎನ್ನುತ್ತಾರೆ. ಇದಕ್ಕೂ ಅದಕ್ಕೂ ಏನಾದರೂ ಸಂಬಂಧವಿದೆಯೇ?

ಉತ್ತರ: ಸಂಬಂಧವಿದೆ, ಬಹಳ ಹತ್ತಿರದ ಸಂಬಂಧವೇ ಇದೆ. ದೀಪದ ವಿಷಯವನ್ನು ಕೊನೆಗೆ ಇಟ್ಟುಕೊಂಡು, ಮೊದಲು ನೀವು ಕೊಟ್ಟಿರುವ ಲೆಕ್ಕವನ್ನೇ ಬಿಡಿಸಿ ನೋಡೋಣ; ಏಕೆಂದರೆ ನಿಮ್ಮ ಪ್ರಶ್ನೆಯ ಉತ್ತರದ ಮುಕ್ಕಾಲು ಪಾಲು ಅದರೊಳಗೇ ಇದೆ.

38,000 ಕಿ.ಮೀ.ಯನ್ನು ನಾಲ್ಕು ವರ್ಷಗಳ ದಿನಗಳಿಂದ ಭಾಗಿಸಿದರೆ ದಿನಕ್ಕೆ 26 ಕಿ.ಮೀ. ಬರುತ್ತದೆ. ಹೆಚ್ಚಿನವರು ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಆದರೆ ನಿಮ್ಮ ಕಾರು ಸರಿಯಾಗಿ 26 ಕಿ.ಮೀ. ಓಡಿದ ದಿನಗಳು ವರ್ಷದಲ್ಲಿ ಬೆರಳೆಣಿಕೆಯಷ್ಟೂ ಇದ್ದಂತಿಲ್ಲ. ಊರಿಗೆ ನಾಲ್ಕು ಸಲ ಹೋಗಿಬಂದರೆ 2,480 ಕಿ.ಮೀ.; ಬೆಂಗಳೂರಿಗೆ ಒಂದು ಸಲ ಹೋಗಿಬರಲು ಸುಮಾರು 300 ಎಂದು ಹಿಡಿದರೆ ಆರು ಸಲಕ್ಕೆ 1,800 ಕಿ.ಮೀ.; ಎರಡೂ ಸೇರಿ ವರ್ಷಕ್ಕೆ 4,280 ಕಿ.ಮೀ. ನಿಮ್ಮ ಕಾರು ವರ್ಷಕ್ಕೆ ಓಡುವ 9,500 ಕಿ.ಮೀ.ಯಲ್ಲಿ ನೂರಕ್ಕೆ 45ರಷ್ಟು ದೂರ ಹೀಗೆ ಹೆಚ್ಚೆಂದರೆ 20 ದಿನಗಳಲ್ಲಿ ಮುಗಿದುಹೋಗುತ್ತದೆ. ಉಳಿದ 345 ದಿನಗಳಿಗೆ ಉಳಿಯುವುದು 5,220 ಕಿ.ಮೀ., ಅಂದರೆ ದಿನಕ್ಕೆ 15 ಕಿ.ಮೀ. ಮಾತ್ರ.

ಇನ್ನು ನೀವು ಕೇಳಿದ "ಒಂದು ಸಲಕ್ಕೆ" ಎಂಬುದರ ಅರ್ಥವನ್ನು ಸ್ವಲ್ಪ ಖಚಿತಪಡಿಸಿಕೊಳ್ಳಬೇಕು. ಆಡುಮಾತಿನಲ್ಲಿ ನಾವು "ಮಾರ್ಕೆಟ್‌ಗೆ ಒಂದು ಟ್ರಿಪ್ ಹೋಗಿಬಂದೆ" ಎಂದರೆ ಹೋದದ್ದೂ ಬಂದದ್ದೂ ಸೇರಿ ಒಂದೇ. ಸಾರಿಗೆ ಅಧ್ಯಯನದಲ್ಲಿ ಹಾಗಲ್ಲ: ಒಂದು ಉದ್ದೇಶಕ್ಕಾಗಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವುದು ಒಂದು ಟ್ರಿಪ್, ಹಿಂದಿರುಗುವುದು ಬೇರೆ ಟ್ರಿಪ್, ನಡುವೆ ತರಕಾರಿಗೆ ನಿಲ್ಲಿಸಿದರೆ ಹಿಂದಿರುಗುವ ದಾರಿಯೇ ಎರಡು ಟ್ರಿಪ್ ಆಗುತ್ತದೆ. ಈ ಲೆಕ್ಕದಲ್ಲಿ ನಿಮ್ಮ ಒಂದು ಕೆಲಸದ ದಿನವೆಂದರೆ ನಾಲ್ಕು ಟ್ರಿಪ್, ಒಟ್ಟು ಹನ್ನೊಂದೂವರೆ ಕಿ.ಮೀ. ವರ್ಷಕ್ಕೆ 250 ಕೆಲಸದ ದಿನಗಳೆಂದರೆ ಇಂಥ ಸಾವಿರ ಟ್ರಿಪ್‌ಗಳು. ಅದರ ಮೇಲೆ ನೆಂಟರ ಮನೆ, ಮದುವೆ, ಆಸ್ಪತ್ರೆ, ಭಾನುವಾರದ ತಿರುಗಾಟಗಳಿಗೆ ಒಂದು ಮುನ್ನೂರು ಸೇರಿಸೋಣ. ದೂರದ ಊರುಗಳದ್ದು ಹೋಗಿಬರುವುದು ಬೇರೆ ಬೇರೆ ಎಣಿಸಿದರೂ 20 ಟ್ರಿಪ್ ಅಷ್ಟೇ. ಒಟ್ಟು 1,320 ಟ್ರಿಪ್‌ಗಳಿಂದ 9,500 ಕಿ.ಮೀ.ಯನ್ನು ಭಾಗಿಸಿದರೆ ಟ್ರಿಪ್ ಒಂದರ ಸರಾಸರಿ ಏಳು ಕಿ.ಮೀ. ಚಿಲ್ಲರೆ. ಆದರೆ ಆ ಟ್ರಿಪ್‌ಗಳನ್ನೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ ಸರಿಯಾಗಿ ನಡುವಿನದನ್ನು ಎತ್ತಿ ನೋಡಿದರೆ ಅದು ಮೂರು ಕಿ.ಮೀ.ಯ ಆಸುಪಾಸಿನಲ್ಲಿರುತ್ತದೆ. ಸರಾಸರಿ ಏಳು, ನಡುವಿನದು ಮೂರು. ತೀರ್ಥಹಳ್ಳಿಯ ಎಂಟು ಪ್ರಯಾಣಗಳು ಸರಾಸರಿಯನ್ನು ಹಿಡಿದು ಮೇಲಕ್ಕೆ ಎಳೆದಿವೆ. ನೂರು ಗುಡಿಸಲುಗಳ ನಡುವೆ ಒಂದು ಅರಮನೆಯಿದ್ದರೆ ಮನೆಯ ಸರಾಸರಿ ಎತ್ತರಕ್ಕೆ ಏನಾಗುತ್ತದೆಯೋ ಇಲ್ಲಿಯೂ ಅದೇ ಆಗಿದೆ.

ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ. ಇಂಥ ಲೆಕ್ಕವನ್ನು ಬಹುಕಾಲದಿಂದ ಅಚ್ಚುಕಟ್ಟಾಗಿ ಇಟ್ಟುಕೊಂಡು ಬಂದಿರುವ ದೇಶಗಳಲ್ಲಿಯೂ ಚಿತ್ರ ಹೀಗೆಯೇ ಇದೆ. ಅಮೆರಿಕದ ಕೇಂದ್ರ ಸಾರಿಗೆ ಇಲಾಖೆ ಕೆಲವು ವರ್ಷಗಳಿಗೊಮ್ಮೆ ಮನೆಮನೆಯ ಪ್ರಯಾಣ ಸಮೀಕ್ಷೆ ನಡೆಸುತ್ತದೆ. ಅದರ 2017ರ ಸುತ್ತಿನಲ್ಲಿ ವಾಹನದ ಒಂದು ಟ್ರಿಪ್‌ನ ಸರಾಸರಿ ಉದ್ದ ಒಂಬತ್ತೂವರೆ ಮೈಲಿಯ ಸುತ್ತಮುತ್ತ, ಅಂದರೆ ಸುಮಾರು 15 ಕಿ.ಮೀ. ಇತ್ತು, ಆದರೆ ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 60 ಟ್ರಿಪ್‌ಗಳು ಆರು ಮೈಲಿಗಿಂತ, ಅಂದರೆ ಹತ್ತು ಕಿ.ಮೀ.ಗಿಂತ ಚಿಕ್ಕವು, ನಾಲ್ಕರಲ್ಲಿ ಮೂರು ಟ್ರಿಪ್‌ಗಳು ಹತ್ತು ಮೈಲಿಯೊಳಗಿನವು. ಮೊಬೈಲ್ ಫೋನುಗಳ ಚಲನೆಯಿಂದ ಲೆಕ್ಕ ಹಾಕಿ, ನಡಿಗೆಯೂ ಸೇರಿದಂತೆ ಎಲ್ಲ ಬಗೆಯ ಓಡಾಟವನ್ನು ಹಿಡಿದ 2021ರ ಅಂಕಿ ಅಂಶದಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮೂರು ಮೈಲಿಗಿಂತ ಚಿಕ್ಕವು. 50 ಮೈಲಿ ದಾಟಿದವು ನೂರಕ್ಕೆ ಎರಡು. ನಿಮ್ಮ 1,320ರಲ್ಲಿ 20 ದೂರದ ಟ್ರಿಪ್‌ಗಳೆಂದರೆ ನೂರಕ್ಕೆ ಒಂದೂವರೆ. ದಾರಿಗಳು ಅಷ್ಟು ವಿಶಾಲವಾಗಿರುವ, ಹಾಲು ತರಲೂ ಕಾರು ತೆಗೆಯಬೇಕಾದ ಆ ದೇಶದ ಪ್ರಮಾಣವೂ ಕುವೆಂಪುನಗರದ ಒಂದು ಮನೆಯ ಪ್ರಮಾಣವೂ ಇಷ್ಟು ಹತ್ತಿರ ಬಂದು ಕೂರುವುದು ಕುತೂಹಲದ ಸಂಗತಿ. ಬ್ರಿಟನ್ನಿನಲ್ಲಿ 1960ರ ದಶಕದಿಂದಲೇ ರಾಷ್ಟ್ರೀಯ ಪ್ರಯಾಣ ಸಮೀಕ್ಷೆ ನಡೆಯುತ್ತಿದೆ. ಕೋವಿಡ್‌ಗೆ ಮುಂಚಿನ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಕಾರಿನ ಟ್ರಿಪ್ ಸರಾಸರಿ ಎಂಟು ಮೈಲಿಯ ಆಸುಪಾಸಿನಲ್ಲಿದ್ದು, ನೂರಕ್ಕೆ 58ರಷ್ಟು ಟ್ರಿಪ್‌ಗಳು ಐದು ಮೈಲಿ, ಅಂದರೆ ಎಂಟು ಕಿ.ಮೀ. ಒಳಗೇ ಮುಗಿಯುತ್ತಿದ್ದವು.

ನಮ್ಮಲ್ಲಿ ಇಷ್ಟು ನಿಯತವಾದ ರಾಷ್ಟ್ರೀಯ ಸಮೀಕ್ಷೆಯ ಸಂಪ್ರದಾಯ ಬೆಳೆದಿಲ್ಲ. 2011ರ ಜನಗಣತಿ ಕೃಷಿ ಮತ್ತು ಗೃಹ ಕೈಗಾರಿಕೆಯ ಹೊರಗಿನ ಕೆಲಸಗಾರರನ್ನು, ಅವರು ಸುಮಾರು 20 ಕೋಟಿ ಮಂದಿ, ಮನೆಯಿಂದ ಕೆಲಸದ ಜಾಗಕ್ಕೆ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂದು ಕೇಳಿತ್ತು. ಕಾರು, ಜೀಪು, ವ್ಯಾನುಗಳಲ್ಲಿ ಹೋಗುವವರು ಅದರಲ್ಲಿ ನೂರಕ್ಕೆ ಮೂರು ಮಂದಿಯೂ ಇರಲಿಲ್ಲ. ನಡೆದು ಹೋಗುವವರು, ಕೆಲಸಕ್ಕಾಗಿ ಮನೆ ಬಿಟ್ಟು ಹೋಗಬೇಕಾಗಿಯೇ ಇಲ್ಲದವರು, ಸೈಕಲ್ಲಿನವರು ಸೇರಿದರೆ ಅರ್ಧಕ್ಕಿಂತ ಹೆಚ್ಚಾಗುತ್ತಿತ್ತು. ಆ ಬಳಿಕ ರಸ್ತೆಗೆ ಎಷ್ಟೋ ಕಾರುಗಳು ಬಂದಿವೆ, ನಿಜ. ಆದರೂ ಆ ಪ್ರಶ್ನೆ ಕೆಲಸದ ದಾರಿಯನ್ನು ಮಾತ್ರ ಕೇಳಿತ್ತೆಂಬುದನ್ನು ಮರೆಯಬಾರದು. ಶಾಲೆ, ಅಂಗಡಿ, ದೇವಸ್ಥಾನ, ಟ್ಯೂಷನ್, ಬಸ್‌ಸ್ಟ್ಯಾಂಡಿಗೆ ಅತ್ತೆಯವರನ್ನು ಬಿಟ್ಟುಬರುವುದು, ಇವೆಲ್ಲ ಅದರ ಹೊರಗೆ ಉಳಿಯುತ್ತವೆ; ಹೆಂಗಸರ ಓಡಾಟದ ದೊಡ್ಡ ಪಾಲು ಇಂಥದ್ದೇ ಆಗಿರುವುದರಿಂದ ಲೆಕ್ಕದಿಂದ ಅದೇ ಹೆಚ್ಚು ಜಾರುತ್ತದೆ.

ಜಾರುವುದಕ್ಕೆ ಇನ್ನೊಂದು ಕಾರಣವೂ ಇದೆ. ನಿನ್ನೆ ಎಲ್ಲೆಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ ಯಾರೂ ದೂರದ ಪ್ರಯಾಣವನ್ನು ಮರೆಯುವುದಿಲ್ಲ, ಮೆಡಿಕಲ್ ಸ್ಟೋರ್‌ಗೆ ಹೋಗಿಬಂದ ಎಂಟುನೂರು ಮೀಟರನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಜನ ಬರೆದುಕೊಟ್ಟ ದಿನಚರಿಯನ್ನು ಅವರದೇ ವಾಹನದ ಜಿಪಿಎಸ್ ದಾಖಲೆಯೊಂದಿಗೆ ಹೋಲಿಸಿದಾಗಲೆಲ್ಲ ಕಾಣೆಯಾಗಿರುವುದು ಬಹುಪಾಲು ಇಂಥ ಚಿಕ್ಕ ಟ್ರಿಪ್‌ಗಳೇ. ಹಾಗಾಗಿ ನಿಮ್ಮ ಪಟ್ಟಿಯಲ್ಲಿಯೂ ಕೆಲವು ಬಿಟ್ಟುಹೋಗಿರುತ್ತವೆ ಎಂದೇ ನನ್ನ ಊಹೆ. ಎರಡು ವಾರ ಕಾರಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟು, ಪ್ರತಿ ಸಲ ಎಂಜಿನ್ ಆರಿಸುವ ಮುನ್ನ ಟ್ರಿಪ್ ಮೀಟರಿನ ಸಂಖ್ಯೆ ಬರೆದು ಸೊನ್ನೆಗೆ ತನ್ನಿ. ಅದನ್ನು ಮುಗಿಸಿದ ಮೇಲೆ ಬಹುತೇಕ ಎಲ್ಲರೂ ಹೇಳುವ ಮಾತು ಒಂದೇ: ಇಷ್ಟು ಸಲ ತೆಗೆಯುತ್ತೇವೆಂದು ಗೊತ್ತಿರಲಿಲ್ಲ.

ದೂರ ಇಷ್ಟು ಕಡಿಮೆಯಾಗಿದ್ದರೂ ಕಾರಿನಲ್ಲಿ ಬಹಳ ಓಡಾಡುತ್ತೇವೆಂದು ನಮಗೆ ಅನ್ನಿಸುವುದೇಕೆ? ನಾವು ದೂರವನ್ನು ಅನುಭವಿಸುವುದು ಕಿ.ಮೀ.ಯಲ್ಲಿ ಅಲ್ಲ, ಹೊತ್ತಿನಲ್ಲಿ. ಬೆಂಗಳೂರಿನವರನ್ನು ಆಫೀಸು ಎಷ್ಟು ದೂರ ಎಂದು ಕೇಳಿ ನೋಡಿ, "ಮುಕ್ಕಾಲು ಗಂಟೆ" ಎನ್ನುತ್ತಾರೆಯೇ ಹೊರತು ಹನ್ನೆರಡು ಕಿ.ಮೀ. ಎನ್ನುವುದಿಲ್ಲ. ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಂತೆ ಬೆಂಗಳೂರು ನಗರದ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. 1970ರ ದಶಕದಲ್ಲಿ ವಿಶ್ವಬ್ಯಾಂಕಿಗಾಗಿ ಅನೇಕ ನಗರಗಳ ಅಂಕಿ ಅಂಶ ಕಲೆಹಾಕಿದ ಯಾಕೊವ್ ಜಹಾವಿ, ಅದನ್ನು ಮುಂದುವರಿಸಿ 1994ರಲ್ಲಿ ಬರೆದ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ, ಇಬ್ಬರೂ ಹೇಳಿದ್ದು ಇದನ್ನೇ: ಮನುಷ್ಯ ದಿನಕ್ಕೆ ಓಡಾಟಕ್ಕೆಂದು ತೆಗೆದಿಡುವ ಹೊತ್ತು ಸುಮಾರು ಒಂದು ಗಂಟೆ ಅಥವಾ ತುಸು ಹೆಚ್ಚು, ವಾಹನ ವೇಗವಾದರೆ ಅವನು ಹೊತ್ತು ಉಳಿಸುವುದಿಲ್ಲ, ಇನ್ನೂ ದೂರ ಹೋಗಿ ಮನೆ ಮಾಡುತ್ತಾನೆ. ಈ ಮಾತನ್ನು ಪ್ರಕೃತಿ ನಿಯಮವೆಂದು ಹಿಡಿಯಲು ನಾನು ಸಿದ್ಧನಿಲ್ಲ. ವೈಟ್‌ಫೀಲ್ಡ್‌ನಿಂದ ನಗರದ ಇನ್ನೊಂದು ತುದಿಗೆ ದಿನಾ ಹೋಗುವವರಿಗೆ ಒಂದು ಗಂಟೆಯ ಮಾತು ಹೇಳಿದರೆ ನಕ್ಕುಬಿಟ್ಟಾರು. ಆದರೆ ಮೈಸೂರಿನಂಥ ಊರಲ್ಲಿ ನಿಮ್ಮ ಹನ್ನೊಂದೂವರೆ ಕಿ.ಮೀ. ಏಕೆ ಇಡೀ ದಿನದ ಓಡಾಟದಂತೆ ಭಾಸವಾಗುತ್ತದೆ ಎಂಬುದಕ್ಕೆ ಅದು ಒಳ್ಳೆಯ ವಿವರಣೆ.

ಈಗ ನಿಮ್ಮ ಮನೆಯ ವಾದಕ್ಕೆ ಬರೋಣ. ಕಾರನ್ನು ಸರಾಸರಿ ದಿನಕ್ಕೆ ಅಳತೆ ಮಾಡಿ ಕೊಳ್ಳುವುದು ತಪ್ಪು, ವರ್ಷದ ಅತಿ ಉದ್ದದ ದಿನಕ್ಕೆ ಅಳತೆ ಮಾಡಿ ಕೊಳ್ಳುವುದೂ ತಪ್ಪು. ನೂರು ದಿನಗಳಲ್ಲಿ 95 ದಿನ ಯಾವ ದೂರವನ್ನು ದಾಟುವುದಿಲ್ಲವೋ ಅದನ್ನು ಆರಾಮವಾಗಿ, ಮನಸ್ಸಿಗೆ ಆತಂಕವಿಲ್ಲದೆ ಓಡುವಂತಿರಬೇಕು. ಉಳಿದ ಐದು ದಿನಗಳಿಗೆ ಏನು ಮಾಡುತ್ತೀರಿ ಎಂಬುದಕ್ಕೆ ಒಂದು ದಾರಿ ಇರಬೇಕು. ನಿಮ್ಮ ವಿಷಯದಲ್ಲಿ ಆ 95 ದಿನಗಳ ಗಡಿ ಐವತ್ತು ಕಿ.ಮೀ.ಯನ್ನೂ ಮುಟ್ಟಲಾರದು. 2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ಬಂದಾಗ ಒಂದು ಚಾರ್ಜ್‌ಗೆ 80 ಕಿ.ಮೀ. ಎಂದು ಕೇಳಿ ಎಲ್ಲರೂ ಮೂಗು ಮುರಿದಿದ್ದರು. ಅದರ ಕೊರತೆಗಳು ಬೇರೆ ಇದ್ದವು, ಆದರೆ ಊರೊಳಗಿನ ಒಂದು ದಿನಕ್ಕೆ ಆ 80 ಕಡಿಮೆಯಾಗಿರಲಿಲ್ಲ.

ದಿನಕ್ಕೆ 15 ಕಿ.ಮೀ. ಓಡಲು ಚಿಕ್ಕ ಎಲೆಕ್ಟ್ರಿಕ್ ಕಾರಿಗೆ ಸುಮಾರು ಎರಡು ಯೂನಿಟ್ ವಿದ್ಯುತ್ ಸಾಕು. ಗೀಸರ್‌ಗೆ ಹಾಕಿಸುವಂಥ 15 ಆಂಪಿಯರ್ ಪಾಯಿಂಟ್ ಕಾರು ನಿಲ್ಲಿಸುವ ಜಾಗದಲ್ಲಿದ್ದರೆ ಮುಕ್ಕಾಲು ಗಂಟೆಯಲ್ಲಿ ಅಷ್ಟು ತುಂಬುತ್ತದೆ. ನಿಜವಾಗಿ 200 ಕಿ.ಮೀ. ಓಡುವ ಕಾರಾದರೆ ವಾರಕ್ಕೊಮ್ಮೆ ಭಾನುವಾರ ರಾತ್ರಿ ಚುಚ್ಚಿಟ್ಟರೂ ಆದೀತು. "ನಿಜವಾಗಿ" ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಕಂಪನಿಗಳು ಜಾಹೀರಾತಿನಲ್ಲಿ ಕೊಡುವ ಸಂಖ್ಯೆ ಪ್ರಯೋಗಾಲಯದ ಪರೀಕ್ಷೆಯದು. ರಸ್ತೆಯಲ್ಲಿ ಅದರ ಮೂರರಲ್ಲಿ ಎರಡು ಪಾಲು ಸಿಕ್ಕಿದರೆ ಸರಿ ಎಂದುಕೊಳ್ಳಬೇಕು, ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿ ಹೋದರೆ ಇನ್ನೂ ಇಳಿಯುತ್ತದೆ. ನಿಮಗೆ ಹೇಳಿರುವ 200 ಯಾವ ಬಗೆಯದೆಂದು ಮೊದಲು ಕೇಳಿಕೊಳ್ಳಿ. ಜಾಹೀರಾತಿನದಾದರೆ ಅದನ್ನು 130 ಎಂದೇ ಓದಬೇಕು, ಆಗ ಬೆಂಗಳೂರೇ ಒಂದೇ ಉಸಿರಿಗೆ ದಕ್ಕುವುದಿಲ್ಲ.

ಅದೇ ಲೆಕ್ಕದಲ್ಲಿ ಯಜಮಾನರ 450 ಕಿ.ಮೀ.ಯ ಕಾರು ರಸ್ತೆಯಲ್ಲಿ 300 ಓಡಬಹುದು. ತೀರ್ಥಹಳ್ಳಿಯ ನಿಮ್ಮೂರು 310. ಅಂದರೆ ಅಷ್ಟು ಲಕ್ಷ ಹೆಚ್ಚು ಕೊಟ್ಟು ಕೊಂಡ ಮೇಲೂ ದಾರಿಯಲ್ಲಿ ಒಂದು ಸಲ ಚಾರ್ಜ್‌ಗೆ ನಿಲ್ಲಲೇಬೇಕು. ಚಿಕ್ಕ ಕಾರಿನಲ್ಲಿ ಎರಡು ಸಲ ನಿಲ್ಲಬೇಕಾದೀತು. ವ್ಯತ್ಯಾಸ ಒಂದು ನಿಲುಗಡೆಯದು. ವೇಗದ ಚಾರ್ಜರಿನಲ್ಲಿ ಅದು ಸುಮಾರು ಒಂದು ಗಂಟೆ, ವರ್ಷಕ್ಕೆ ಎಂಟು ಸಲದಂತೆ ಎಂಟು ಗಂಟೆ. ಆ ಎಂಟು ಗಂಟೆಗೆ ಎಷ್ಟು ಲಕ್ಷ ಕೊಡಬಹುದೆಂಬುದನ್ನು ನೀವಿಬ್ಬರೂ ಕೂತು ನಿರ್ಧರಿಸಬೇಕು. ನನ್ನನ್ನು ಕೇಳಿದರೆ ನಾನು ಕೊಡಲಾರೆ. ಮೈಸೂರು–ತಾಳಗುಪ್ಪ ರೈಲು ಶಿವಮೊಗ್ಗದ ಮೇಲೆಯೇ ಹೋಗುತ್ತದೆ, ನಾಲ್ಕರಲ್ಲಿ ಎರಡು ಸಲ ಅದರಲ್ಲಿ ಹೋಗಿ ಮುಂದೆ ಬಸ್ಸು ಹಿಡಿಯಬಹುದು. ಹಬ್ಬಕ್ಕೆ ಸಾಮಾನು ತುಂಬಿಕೊಂಡು ಹೋಗುವಾಗ ಬಾಡಿಗೆ ಕಾರನ್ನೂ ತೆಗೆದುಕೊಳ್ಳಬಹುದು. ಬ್ಯಾಟರಿಗೆ ಹಲವು ಕಂಪನಿಗಳು ಕೊಡುವ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ನಿಮ್ಮ ಓಟದಲ್ಲಿ 8 ವರ್ಷಕ್ಕೆ 76,000 ಕಿ.ಮೀ. ಆಗುವುದರಿಂದ ಕಿ.ಮೀ. ಲೆಕ್ಕದ ಚಿಂತೆ ನಿಮಗಿಲ್ಲ.

ಯಜಮಾನರ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಿಮ್ಮದು ಸ್ವಂತ ಕಾಂಪೌಂಡಿನ ಮನೆಯಲ್ಲದೆ ಬೀದಿಯಲ್ಲಿ ಕಾರು ನಿಲ್ಲಿಸುವ ಬಾಡಿಗೆ ಮನೆಯಾಗಿದ್ದು ಪಾಯಿಂಟ್ ಹಾಕಿಸಲು ಮಾಲೀಕರು ಒಪ್ಪದಿದ್ದರೆ, ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆಗ ಹೊರಗಿನ ಚಾರ್ಜರನ್ನು ನಂಬಬೇಕಾಗಿರುವುದರಿಂದ ದೊಡ್ಡ ಬ್ಯಾಟರಿಗೆ ನಿಜವಾದ ಉಪಯೋಗವಿದೆ.

ಇನ್ನು ಹಳದಿ ದೀಪ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಒಂದು ಜರಡಿ ಇರುತ್ತದೆ, ಗ್ಯಾರೇಜಿನವರ ಬಾಯಲ್ಲಿ ಅದು ಡಿಪಿಎಫ್. ಹಿಡಿದ ಮಸಿಯನ್ನು ಅದು ಆಗಾಗ ತಾನೇ ಸುಟ್ಟುಕೊಳ್ಳಬೇಕು, ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಷಿಯಸ್ ಬಿಸಿ ಬೇಕು. ಆ ಬಿಸಿ ಏರಿಸಲು ಎಂಜಿನ್ ಸ್ವಲ್ಪ ಡೀಸೆಲನ್ನು ಹೆಚ್ಚುವರಿಯಾಗಿ ಚಿಮ್ಮಿಸುತ್ತದೆ, ಕೆಲಸ ಮುಗಿಯಲು ಹತ್ತಿಪ್ಪತ್ತು ನಿಮಿಷ ಒಂದೇ ವೇಗದ ಓಟ ಬೇಕು. ನಿಮ್ಮ ಕಾರಿಗೆ ಆ ಹತ್ತಿಪ್ಪತ್ತು ನಿಮಿಷ ಸಿಗುವುದೇ ಇಲ್ಲ. ಎರಡೂವರೆ ಕಿ.ಮೀ.ಗೆ ಶಾಲೆ ಬಂತು, ನಾಲ್ಕು ಕಿ.ಮೀ.ಗೆ ಕಚೇರಿ ಬಂತು. ಎಂಜಿನ್ ಆಯಿಲ್ ಸರಿಯಾಗಿ ಬಿಸಿಯಾಗುವ ಮೊದಲೇ ಕೀಲಿ ತಿರುಗಿತು. ಸುಡಲು ಶುರುವಾದದ್ದು ಪದೇ ಪದೇ ಅರ್ಧಕ್ಕೆ ನಿಂತರೆ ಆ ಹೆಚ್ಚುವರಿ ಡೀಸೆಲ್ ಸಿಲಿಂಡರಿನ ಗೋಡೆಗಳಿಂದ ಕೆಳಗಿಳಿದು ಆಯಿಲ್ ಜೊತೆ ಬೆರೆಯುತ್ತದೆ. ಆಯಿಲ್ ಕಡ್ಡಿ ತೆಗೆದು ನೋಡಿ. ಮಟ್ಟ ಕಡಿಮೆಯಾಗುವ ಬದಲು ಮೇಲಿನ ಗುರುತನ್ನು ದಾಟಿದ್ದರೆ, ಡೀಸೆಲ್ ವಾಸನೆ ಬರುತ್ತಿದ್ದರೆ, ಸರ್ವಿಸ್ ದಿನಾಂಕಕ್ಕೆ ಕಾಯದೆ ಆಯಿಲ್ ಬದಲಾಯಿಸಿ.

ಸರ್ವಿಸ್‌ನವರು ಹೇಳಿದ "ಹೈವೇ ರೌಂಡ್" ಆದ್ದರಿಂದ ಸರಿಯಾದ ಸಲಹೆಯೇ. ಏಕೆಂದು ವಿವರಿಸಲಿಲ್ಲ ಅಷ್ಟೇ. ನಿಮಗೆ ಹೈವೇಯೇ ಬೇಕಿಲ್ಲ, ಮೈಸೂರಿನ ರಿಂಗ್ ರಸ್ತೆ ಸುತ್ತಳತೆ ಸುಮಾರು 42 ಕಿ.ಮೀ. ಇದೆ. ದೀಪ ಸುಮ್ಮನೆ ಉರಿಯುತ್ತಿರುವಾಗ, ಮಿನುಗಲು ಶುರುವಾಗುವ ಮೊದಲೇ, ಬೆಳಿಗ್ಗೆ ಆರು ಗಂಟೆಗೆ ರಸ್ತೆ ಖಾಲಿಯಿರುವಾಗ ಹೊರಟು, ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರುವಂತೆ ನೋಡಿಕೊಂಡು, 60ರಿಂದ 70ರ ವೇಗದಲ್ಲಿ ಒಂದು ಗೇರ್ ಕೆಳಗೆಯೇ ಇಟ್ಟು ಓಡಿಸಿ. ದೀಪ ಆರಿದ ತಕ್ಷಣ ನಿಲ್ಲಿಸದೆ ಇನ್ನೂ ಐದಾರು ಕಿ.ಮೀ. ಹೋಗಿ. ಮನೆಗೆ ಬಂದು ಆರಿಸಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿದ್ದು ಸುಟ್ಟ ವಾಸನೆ ಬರುತ್ತಿದ್ದರೆ ಮಸಿ ಸುಡುವ ಕೆಲಸ ಇನ್ನೂ ಮುಗಿದಿಲ್ಲವೆಂದು ತಿಳಿದು ಮತ್ತೊಂದು ಕಾಲು ಗಂಟೆ ಓಡಿಸಿ ಬನ್ನಿ. ದೀಪ ಮಿನುಗುತ್ತಿದ್ದರೆ, ಇಲ್ಲವೇ ಕಾರು ಎಳೆಯದೆ ಮಂಕಾಗಿದ್ದರೆ, ಈ ಸುತ್ತು ಸಾಲದು; ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಜೋಡಿಸಿ ನಿಂತಲ್ಲೇ ಸುಡಿಸಬೇಕು, ಏಕೆಂದರೆ ಜರಡಿ ಪೂರ್ತಿ ಕಟ್ಟಿಕೊಂಡ ಮೇಲೆ ಅದನ್ನು ಬದಲಾಯಿಸುವುದು ಬಹಳ ದುಬಾರಿ. ಕಾರು ಮಾರುವ ಯೋಚನೆಯಿದ್ದರೂ ಈ ದೀಪ ಆರಿಸಿಕೊಂಡೇ ಮಾರಲು ಹೊರಡಿ; ನೋಡಲು ಬರುವವರು ಮೊದಲು ಕಣ್ಣು ಹಾಯಿಸುವುದೇ ಡ್ಯಾಶ್‌ಬೋರ್ಡಿನ ಮೇಲೆ.